ರತ್ನಾ ಕಾಕುವಿನ ಹಳೆಯ ಫೋಲ್ಡರು

ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ‘ಪರಮಾನಂದ, ಸಿಸ್ಟಮ್ ಎಂಜಿನಿಯರ್’ ಎಂದಿದೆ. ಹಾಗೆ ಅಚ್ಚು ಹಾಕಿಸಿದವರು ಜಮಖಂಡಿಯಲ್ಲಿ ನಾನು ದುಡಿಯುವ ಕಂಪ್ಯೂಟರ್ ಅಂಗಡಿಯ ಮಾಲೀಕ ಗಿರಮಲ್ಲಪ್ಪ ಸಾವುಕಾರರು. ಪಗಾರ ಏರಿಸುವುದಕ್ಕಿಂತ ಹುದ್ದೆಯ ಹೆಸರು ಏರಿಸುವುದು ಸೋವಿ ಎಂದು ಅವರಿಗೆ ಗೊತ್ತು. ನಾನು ನಿಜವಾಗಿ ಮಾಡುವುದೇನೆಂದರೆ, ಪ್ರಿಂಟರಿಗೆ ಮಸಿ ತುಂಬುವುದು, ಕೀಬೋರ್ಡಿನ ಸಂದಿಯಿಂದ ಚುರಮರಿ ಉದುರಿಸುವುದು, ಮತ್ತು ಪ್ಲಗ್ ಹಾಕದೆಯೇ ‘ಸತ್ತುಹೋಗಿದೆ’ ಎಂದು ಕರೆಸಿದವರ ಮನೆಯಲ್ಲಿ ಪ್ಲಗ್ ಹಾಕಿ, ಅವರ ಮರ್ಯಾದೆ ಉಳಿಯಲೆಂದು ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿ ಕೂರುವುದು.

ಇದರ ಮೇಲೆ, ಕಾಲೇಜಿನಲ್ಲಿದ್ದಾಗ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯ ಬಗ್ಗೆ ಒಂದು ಸೆಮಿನಾರು ಕೊಟ್ಟಿದ್ದೆ ಎಂದು ಇಂಟರ್‌ವ್ಯೂನಲ್ಲಿ ಬಾಯಿ ಜಾರಿತ್ತು. ಅಂದಿನಿಂದ ಸುತ್ತಿನ ಊರುಗಳಲ್ಲಿ ಲಿನಕ್ಸ್ ಹಾಕಿದ ಯಂತ್ರ ಎಲ್ಲಿ ಮುನಿದರೂ ನನ್ನನ್ನೇ ಬೈಕ್ ಹತ್ತಿಸುತ್ತಾರೆ. ಅಂಥವು ಬಹಳೇನಿಲ್ಲ. ಮುಧೋಳದ ಒಂದು ಸಾಲೆ, ಬೀಳಗಿಯ ಒಂದು ವಾಚನಾಲಯ, ಮತ್ತು ಬನಹಟ್ಟಿಯ ರತ್ನಾ ಕಾಕು. ಸಾಲೆಯವರು, ವಾಚನಾಲಯದವರು ಕಂಪ್ಯೂಟರ್ ಕೆಟ್ಟಾಗ ಫೋನ್ ಮಾಡುತ್ತಾರೆ. ರತ್ನಾ ಕಾಕು ಕೆಡದಿದ್ದರೂ ಮಾಡುತ್ತಾರೆ.

ಪೂರ್ತಿ ಹೆಸರು ರತ್ನಾಬಾಯಿ. ತವರು ರಬಕವಿ, ಕೊಟ್ಟದ್ದು ಬನಹಟ್ಟಿಗೆ. ಎರಡೂ ಊರು ಒಂದಕ್ಕೊಂದು ಎಷ್ಟು ಅಂಟಿಕೊಂಡಿವೆಯೆಂದರೆ, ಮದುವೆಯಾದ ಹೊಸದರಲ್ಲಿ ಗಂಡನ ಮೇಲೆ ಸಿಟ್ಟು ಬಂದು ತವರಿಗೆ ನಡೆದು ಹೋದರೆ ಸಿಟ್ಟು ಇಳಿಯುವ ಮೊದಲೇ ತವರು ಬಂದುಬಿಡುತ್ತಿತ್ತಂತೆ. ಅದೊಂದು ತಾಪತ್ರಯ ಎಂದು ಈಗಲೂ ಹೇಳುತ್ತಾರೆ. ಅವರ ಕೆಲಸ ಕಾರ್ಡು ಕೊರೆಯುವುದು. ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಹೂವೋ ಹಕ್ಕಿಯೋ ಮೂಡಬೇಕಾದರೆ ಮಗ್ಗದ ಮೇಲಿರುವ ಜಕಾರ್ಡ್ ಎಂಬ ಪೆಟ್ಟಿಗೆಗೆ ಯಾವ ನೂಲು ಎತ್ತಬೇಕು, ಯಾವುದು ಬಿಡಬೇಕು ಎಂದು ಹೇಳಬೇಕು. ಹೇಳುವುದು ರಟ್ಟಿನ ಕಾರ್ಡುಗಳ ತೂತಿನಿಂದ. ತೂತಿದ್ದಲ್ಲಿ ನೂಲು ಮೇಲೆ ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ. ಇಂಥ ಕಾರ್ಡುಗಳನ್ನು ಸಾಲಾಗಿ ಹೊಲಿದು ಮಾಲೆ ಮಾಡಿ ಮಗ್ಗಕ್ಕೆ ಏರಿಸುತ್ತಾರೆ. ಕಾಕು ಹರೆಯದಲ್ಲಿ ಇದನ್ನು ಕೈಯಿಂದ, ಕಾಲಿನಿಂದ ಒತ್ತಿ ಕೊರೆಯುತ್ತಿದ್ದರು. ಆಮೇಲೆ ಇಚಲಕರಂಜಿಯಿಂದ ಒಂದು ಸೆಕೆಂಡ್‌ಹ್ಯಾಂಡ್ ಯಂತ್ರ ಬಂತು, ಅದರ ಬಾಲಕ್ಕೆ ಒಂದು ಕಂಪ್ಯೂಟರ್ ಬಂತು, ಕಂಪ್ಯೂಟರಿನ ಹೊಟ್ಟೆಯಲ್ಲಿ ಲಿನಕ್ಸ್ ಬಂತು, ಲಿನಕ್ಸಿನ ಹಿಂದೆ ನಾನು ಬಂದೆ.

ಕಾಕುವಿನ ಮನೆಯ ಮುಂದಿನ ಕೋಣೆಯಲ್ಲಿ ಯಂತ್ರ, ಹಿಂದಿನ ಪಡಸಾಲೆಯಲ್ಲಿ ಅವರ ಯಜಮಾನರಾದ ಶಿದ್ರಾಮಪ್ಪ ಕಾಕಾನ ಕೈಮಗ್ಗ. ನಡುವಿನ ಗೋಡೆಯುದ್ದಕ್ಕೂ ತಗಡಿನ ಡಬ್ಬಿಗಳು. ಕಾಕಾನ ಕಾಯ್ದೆ ಏನೆಂದರೆ ಖಾಲಿ ಡಬ್ಬಿ ಮನೆಯಲ್ಲಿ ಇರಕೂಡದು, ಗುಜರಿಯವನಿಗೆ ಹೋಗಬೇಕು. ಕಾಕುವಿಗೆ ಡಬ್ಬಿ ಬಿಡುವ ಮನಸ್ಸಿಲ್ಲ, ಗಂಡನ ಕಾಯ್ದೆ ಮುರಿಯುವ ಮನಸ್ಸೂ ಇಲ್ಲ. ಹೀಗಾಗಿ ಪ್ರತಿ ಡಬ್ಬಿಯಲ್ಲೂ ಒಂದೊಂದು ಅಂಗಿಯ ಗುಂಡಿ ಹಾಕಿಟ್ಟಿದ್ದಾರೆ. ಗುಜರಿಯವನು ಬಂದ ದಿನ ಕಾಕಾ ಒಂದೊಂದೇ ಡಬ್ಬಿ ಅಲ್ಲಾಡಿಸುತ್ತಾರೆ. ಗುಂಡಿ ಟಣ್ ಎನ್ನುತ್ತದೆ. ಖಾಲಿ ಇಲ್ಲ ಎಂದು ತಿರುಗಿ ಇಡುತ್ತಾರೆ. ಸಂಸಾರ ಹೀಗೆ ಸುಖವಾಗಿ ನಡೆದಿದೆ.

ನಾನೋ, ಕಾಕಾನ ಪಕ್ಷದವನು. ನನಗೆ ಅಳಿಸುವುದೆಂದರೆ ಪ್ರೀತಿ. ನನ್ನ ಮೊಬೈಲಿನಲ್ಲಿ ಹಳೆಯ ಫೋಟೋ ಇಲ್ಲ, ಕೋಣೆಯಲ್ಲಿ ಎರಡನೇ ಚಾದರ ಇಲ್ಲ. ಗಿರಾಕಿಯ ಕಂಪ್ಯೂಟರಿನಲ್ಲಿ ಬೇಡದ್ದು ಕಂಡರೆ ಕೈ ತುರಿಸುತ್ತದೆ. ಸಾವುಕಾರರು ಇದನ್ನು ಶಿಸ್ತು ಎನ್ನುತ್ತಾರೆ. ನನ್ನ ಅವ್ವ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ ಸೀರೆಯ ಸುದ್ದಿಗೆ ಬರುತ್ತೇನೆ. ಕಾಕುವಿನ ಒಬ್ಬಳೇ ಮಗಳು ಐಶ್ವರ್ಯ, ಲೋಕಾಪುರಕ್ಕೆ ಕೊಟ್ಟಿದ್ದಾರೆ, ಅಲ್ಲೇ ಒಂದು ಸಾಲೆಯಲ್ಲಿ ಟೀಚರು. ಅವಳ ಮದುವೆಯ ಸೀರೆಗಳನ್ನೆಲ್ಲ ಬೀಗರು ದೊಡ್ಡ ಊರಿನ ದೊಡ್ಡ ಅಂಗಡಿಯಲ್ಲಿ ತಾವೇ ಆರಿಸಿ ತಂದಿದ್ದರು. ಚಿಮ್ಮಡದಿಂದ ರನ್ನ ಬೆಳಗಲಿಯವರೆಗೆ ಎಷ್ಟೋ ಮನೆಯ ಹೆಣ್ಣುಮಕ್ಕಳ ಸೀರೆಗೆ ದಡಿ ಕೊರೆದುಕೊಟ್ಟ ಕಾಕು, ತನ್ನ ಮಗಳ ಮದುವೆಯಲ್ಲಿ ತಾನು ಕೊರೆಯದ ದಡಿಯನ್ನು ನೋಡುತ್ತ ಅಕ್ಷತೆ ಹಾಕಿದರು. ಆಗ ಏನೂ ಅನ್ನಲಿಲ್ಲ. ಮಗಳು ಬಸುರಿಯಾದ ಸುದ್ದಿ ಬಂದಾಗ ಮಾತ್ರ ಬೀಗತಿಯ ಮುಂದೆಯೇ ಹೇಳಿಬಿಟ್ಟರಂತೆ: ಬಸುರಿಗೆ ತವರು ಮಾಡುವ ಕುಬಸದ ಹಸಿರು ಸೀರೆ ಅಂಗಡಿಯದಲ್ಲ, ನಮ್ಮ ಮಗ್ಗದ್ದು, ದಡಿ ನನ್ನದು. ಬೀಗತಿ ಆಗಲಿ ನೋಡೋಣ ಎಂದರಂತೆ. ಆ ‘ನೋಡೋಣ’ ಕಾಕುವಿಗೆ ನಿದ್ದೆಯಲ್ಲೂ ಚುಚ್ಚುತ್ತಿತ್ತು.

ದಡಿಗೆ ಗಿಳಿ ಎಂದು ನಿಶ್ಚಯವಾಯಿತು. ಸಾಲಾಗಿ ಗಿಳಿ, ಕೊಕ್ಕಿನಲ್ಲಿ ಒಂದೊಂದು ಎಲೆ. ಕಾಕು ಅದನ್ನು ಪರದೆಯ ಮೇಲೆ ಚೌಕ ಚೌಕವಾಗಿ ಬಿಡಿಸಿ ಮುಗಿಸಿದ್ದರು. ಕೊರೆಯುವುದಷ್ಟೇ ಬಾಕಿ. ಅಷ್ಟರಲ್ಲಿ ನನಗೆ ಫೋನ್ ಬಂತು.

“ತಮ್ಮಾ, ಈ ಡಬ್ಬಿ ದಿನಾ ಮುಂಜಾನೆ ಕೇಳತೈತಿ, ಹೊಸಾದ ಹಾಕ್ಲ್ಯಾ, ಹೊಸಾದ ಹಾಕ್ಲ್ಯಾ ಅಂತ. ಒಮ್ಮಿ ಹೂಂ ಅಂದ ಬಿಡೂಣು ಬಾ, ಪಾಪ.”

ಕಂಪ್ಯೂಟರ್ ಅಪ್‌ಗ್ರೇಡ್ ಕೇಳುತ್ತಿತ್ತು. ನಾನು ಹೋದೆ, ಹೂಂ ಅಂದೆ. ಹಳೆಯ ಪ್ರೋಗ್ರಾಮುಗಳು ಇಳಿದು ಹೊಸವು ಏರತೊಡಗಿದವು, ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಮಳೆಯ ಹಾಗೆ ಸುರಿದವು. ಅವನ್ನೆಲ್ಲ ಓದುವುದು ನನ್ನ ಕೆಲಸ. ಆದರೆ ಕಾಕು ಅಷ್ಟರಲ್ಲಿ ಚುರಮರಿ ಸುಸಲಾ ಮಾಡಿ ತಂದರು, ಮೇಲೆ ಪುಠಾಣಿ ಹಿಟ್ಟು ಉದುರಿಸಿದ್ದರು, ಬದಿಗೆ ಮೆಣಸಿನಕಾಯಿ ಭಜಿ. ಎರಡರಲ್ಲಿ ಒಂದರ ಕಡೆಗಷ್ಟೇ ಗಮನ ಕೊಡಬಲ್ಲ ಮನುಷ್ಯ ನಾನು. ಒಂದು ಸಾಲು, ಇಂಥ ಫೋಲ್ಡರು ಖಾಲಿ ಇಲ್ಲ, ಆದ್ದರಿಂದ ತೆಗೆದಿಲ್ಲ ಎಂದು ಹೇಳಿ ಮೇಲಕ್ಕೆ ಹೋಯಿತು. ಕಣ್ಣಿಗೆ ಬಿತ್ತು, ತಲೆಗೆ ಬೀಳಲಿಲ್ಲ. ಎಲ್ಲ ಮುಗಿದ ಮೇಲೆ ಯಂತ್ರ ಚಾಲೂ ಮಾಡಿ ನೋಡಿದೆವು, ಟಕಟಕ ಎಂದು ಒಂದು ಕಾರ್ಡು ಕೊರೆದು ಕೊಟ್ಟಿತು. ಛಲೋ ಆತು ಎಂದು ಎದ್ದೆ.

ಕೊರೆದ ಕಾರ್ಡು ಒಂದನ್ನೇ ನೋಡಿದರೆ ತಪ್ಪು ಗೊತ್ತಾಗುವುದಿಲ್ಲ. ಗಿಳಿ ಮೂಡುವುದು ಮಗ್ಗದ ಮೇಲೆ. ಮುಂದಿನ ವಾರ ಕುಬಸವಿದೆ ಎನ್ನುವಾಗ ಕಾಕು ಮೊದಲಿನ ಕಂತಿನ ಕಾರ್ಡು ಕೊರೆದು ಹೊಲಿದು ಕೊಟ್ಟರು, ಶಿದ್ರಾಮಪ್ಪ ಕಾಕಾ ನಮೂನೆಗೆಂದು ಗೇಣುದ್ದ ಪಟ್ಟಿ ನೇಯ್ದರು. ಗಿಳಿಗೆ ಕೊಕ್ಕಿರಲಿಲ್ಲ. ಅಂದರೆ ಇತ್ತು, ಆದರೆ ಇರಬೇಕಾದಲ್ಲಿ ಇರಲಿಲ್ಲ. ಎಲೆಯ ಸಮೇತ ಅದು ಬಾಲದ ಹಿಂದೆ ಹುಟ್ಟಿತ್ತು.

ಕಾಕುವಿಗೆ ಕಾರಣ ಕೂಡಲೇ ಹೊಳೆಯಿತು. ಪ್ರತಿ ಮಗ್ಗದ ಜಕಾರ್ಡಿಗೂ ಕಾರ್ಡಿನ ಎಷ್ಟನೇ ತೂತಿನಿಂದ ಶುರು ಮಾಡಬೇಕು ಎಂಬುದು ಬೇರೆ ಬೇರೆ. ಆ ಅಂಕಿಯನ್ನು ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿನೊಳಗಿನ ಸಣ್ಣ ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಅಂಕಿ ತಪ್ಪಿದರೆ ಇಡೀ ಚಿತ್ರ ಒಂದು ಬದಿಗೆ ಸರಿದು, ಈ ತುದಿಯಲ್ಲಿ ಹೊರಬಿದ್ದದ್ದು ಆ ತುದಿಯಲ್ಲಿ ಒಳಬರುತ್ತದೆ. ಕೊಕ್ಕಿಗೆ ಆದದ್ದು ಅದೇ. ಫೋಲ್ಡರು ತೆಗೆಯಲು ಸುಲಭವಾಗಲೆಂದು ನಾನೇ ಹಿಂದೆ ಪರದೆಯ ಮೇಲೆ ಒಂದು ಪುಟ್ಟ ಐಕಾನು ಚಿತ್ರ ಕೂರಿಸಿ ಕೊಟ್ಟಿದ್ದೆ. ಕಾಕು ಅದನ್ನು ಒತ್ತಿದರು, ಫೈಲು ತೆಗೆದರು, ನೋಡಿದರೆ ಅಂಕಿ ಸರಿಯಾಗಿಯೇ ಇದೆ. ಇರಲಿ ಎಂದು ಅಳಿಸಿ ಮತ್ತೆ ಅದನ್ನೇ ಬರೆದರು. ಮತ್ತೆ ಕೊರೆದರು. ಕೊಕ್ಕು ಬಾಲದ ಹಿಂದೆಯೇ ಇತ್ತು.

ಆಗ ನನಗೆ ಫೋನ್ ಬಂತು. ನಾನು ಜಮಖಂಡಿಯಲ್ಲಿ ಕೂತೇ ಅವರ ಪರದೆಯನ್ನು ನನ್ನ ಪರದೆಗೆ ತಂದುಕೊಂಡು, ಅದೇ ಚಿತ್ರ ಒತ್ತಿ, ಅದೇ ಫೈಲು ತೆಗೆದು, ಅದೇ ಅಂಕಿ ಅಳಿಸಿ, ಅದೇ ಅಂಕಿ ಬರೆದೆ. ಕಾಕು ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಇದ್ದ ವ್ಯತ್ಯಾಸ ನನ್ನ ದನಿಯ ಗತ್ತು ಒಂದೇ. ಸೇವ್ ಆಗಿದೆ ಕಾಕು, ಇನ್ನು ಸರಿಯಾಗಿ ಬರುತ್ತದೆ ಎಂದು ಹೇಳಿ ಫೋನ್ ಇಟ್ಟು, ಸಾವುಕಾರರ ಕಡೆಗೆ ‘ಆತು’ ಎಂಬಂತೆ ತಲೆ ಅಲ್ಲಾಡಿಸಿದೆ.

ಇಲ್ಲಿ ನೇಕಾರರ ಒಂದು ರೂಢಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು ಮುಗಿಯಿತು ಎಂದರೆ ಹಳೆಯದನ್ನು ಪೂರ್ತಿ ಕಿತ್ತು ಬಿಸಾಡುವುದಿಲ್ಲ. ತುದಿಯಷ್ಟನ್ನು ಮಗ್ಗದಲ್ಲೇ ಬಿಟ್ಟು, ಹಳೆಯ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಿನಿಂದ ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಕೆಚ್ಚಿದ ಮೇಲೂ ಹೊಸ ನೂಲು ತಟ್ಟನೆ ಮುಂದೆ ಕಾಣುವುದಿಲ್ಲ. ಹಳೆಯ ತುದಿ ಮೊದಲು ಎಳೆದುಕೊಂಡು ಬರಬೇಕು, ಅದರ ಬೆನ್ನಿಗೆ ಹೊಸದು. ತಾಳಬೇಕು. ಬಾಲ್ಯದಿಂದ ಇದನ್ನೇ ನೋಡಿ ಬೆಳೆದ ಕಾಕು, ಕಂಪ್ಯೂಟರೂ ಹಾಗೆಯೇ ಎಂದುಕೊಂಡರು. ಅಪ್‌ಗ್ರೇಡ್ ಎಂದರೆ ಹೊಸದನ್ನು ಹಳೆಯದಕ್ಕೆ ಕೆಚ್ಚಿದ್ದು. ಅಂಕಿ ತಿದ್ದಿ ಆಗಿದೆ. ಪರಮಾನಂದನೂ ಬರುತ್ತದೆ ಎಂದಿದ್ದಾನೆ. ಹಳೆಯ ತಪ್ಪು ಹೊರಟುಹೋಗುವವರೆಗೆ ಕೊರೆಯುತ್ತ ಹೋದರೆ ಸರಿಯಾದದ್ದು ತಾನೇ ಬರುತ್ತದೆ. ಹೀಗೆಂದುಕೊಂಡು ಕೊರೆಯುತ್ತಲೇ ಹೋದರು.

ಮರುದಿನ ಫೋನ್ ಮಾಡಿದವರು ಕಾಕು ಅಲ್ಲ, ಶಿದ್ರಾಮಪ್ಪ ಕಾಕಾ. ಅವರು ಫೋನ್ ಮಾಡುವುದೇ ಅಪರೂಪ.

“ತಮ್ಮಾ, ಇಕಿ ನಿನ್ನಿಂದ ಬರತೈತಿ ಬರತೈತಿ ಅನ್ನಾಕತ್ತಾಳ. ಜಮಖಂಡಿ ಬಸ್ಸು ಎಷ್ಟೋ ಬಂದ ಹ್ವಾದು, ಕೊಕ್ಕ ಬರಲಿಲ್ಲ. ನೀನರ ಬಾ.”

ಹೊರಟೆ. ಕಬ್ಬಿನ ಹಂಗಾಮು, ಚಿಮ್ಮಡದ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು, ಅದರ ಹಾಡು ಕೇಳುತ್ತ, ಏನಾಗಿರಬಹುದು ಎಂದು ಯೋಚಿಸಿದೆ. ಏನೂ ಹೊಳೆಯಲಿಲ್ಲ. ಹೊಳೆಯದಿದ್ದಾಗ ನಾನು ಕೇಬಲ್ಲಿನ ಮೇಲೆ ಅನುಮಾನ ಪಡುತ್ತೇನೆ. ಗಿರಾಕಿಗಳಿಗೆ ಕೇಬಲ್ ಎಂದರೆ ಸಮಾಧಾನ, ಯಾರ ತಪ್ಪೂ ಅಲ್ಲ. ಬ್ಯಾಗಿನಲ್ಲಿ ಎರಡು ಕೇಬಲ್ಲು ಇಟ್ಟುಕೊಂಡೇ ಬಂದಿದ್ದೆ.

ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊರೆದ ಕಾರ್ಡುಗಳ ರಾಶಿ. ಕಾಕು ರಾಶಿಯ ನಡುವೆ ಯಂತ್ರಕ್ಕೆ ಎದುರಾಗಿ ಕೂತಿದ್ದರು, ಹಟಮಾರಿ ಎಮ್ಮೆಯ ಮುಂದೆ ಚೆರಿಗೆ ಹಿಡಿದು ಕೂತವರ ಹಾಗೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಐಶ್ವರ್ಯ. ಕುಬಸಕ್ಕೆಂದು ಅಂದು ಮುಂಜಾನೆಯೇ ಲೋಕಾಪುರದಿಂದ ಬಂದಿದ್ದಳು. ಕೈಯಲ್ಲಿ ನಮೂನೆಯ ಪಟ್ಟಿ ಹಿಡಿದು ಆಚೆ ಈಚೆ ತಿರುಗಿಸಿ ನೋಡುತ್ತಿದ್ದಳು.

“ಯವ್ವಾ, ಗಿಳಿ ಏನ ಬೇ ಇದು? ಹಿಂದ ಮುಂದ ಎರಡೂ ಕಡೆ ಹೊಂಟಂಗ ಐತಿ.”

“ನಗಬ್ಯಾಡ. ಬರತೈತಿ ತಡಿ. ಈಗರ ಕೆಚ್ಚೇವಿ, ಹಳೇದ ಮೊದಲ ಹೊಂಡಬೇಕಲ್ಲ,” ಎಂದರು ಕಾಕು. ಆದರೆ ದನಿಯಲ್ಲಿ ನಿನ್ನೆಯ ಜೋರು ಇರಲಿಲ್ಲ. ನನ್ನನ್ನು ನೋಡಿ, ಸ್ವಲ್ಪ ಸರಿದು ಜಾಗ ಕೊಟ್ಟು, ಮೆಲ್ಲಗೆ ಕೇಳಿದರು: “ಬರತೈತಿ ಹೌದಲ್ಲೋ ತಮ್ಮಾ? ಬೀಗತಿ ಮುಂದ ಹೇಳಿ ಕುಂತೇನಿ.”

ಕೇಬಲ್ಲು ಬದಲಿಸಿದೆ. ಏನೂ ಆಗಲಿಲ್ಲ. ಇನ್ನೊಂದು ಕೇಬಲ್ಲೂ ಬದಲಿಸಿದೆ. ಅದೂ ಮುಗಿಯಿತು ಎಂದಾಗ ನನ್ನ ವಿದ್ಯೆಯೂ ಮುಗಿಯಿತು. ಕೊನೆಗೆ ಸಿಟ್ಟಿಗೆ, ಪರದೆಯ ಮೇಲಿನ ಚಿತ್ರ ಒತ್ತಿ ಫೈಲು ತೆಗೆದು, ಶುರುವಿನ ತೂತು ಎಂದಿದ್ದಲ್ಲಿ ಬಾಯಿಗೆ ಬಂದ ದೊಡ್ಡದೊಂದು ಅಂಕಿ ಬರೆದೆ. ಅಷ್ಟು ತೂತು ಊರಿನ ಯಾವ ಕಾರ್ಡಿನಲ್ಲೂ ಇಲ್ಲ. ಯಂತ್ರ ಬೊಬ್ಬೆ ಹೊಡೆಯಬೇಕು, ಇಲ್ಲ ನಿಲ್ಲಬೇಕು. ಅದು ಮೊದಲಿನ ಹಾಗೆಯೇ ಟಕಟಕ ಎಂದು ಕೊರೆಯಿತು. ಕೊಕ್ಕು ಬಾಲದ ಹಿಂದೆ, ಅಷ್ಟೇ ದೂರದಲ್ಲಿ.

ಆಗ ತಿಳಿಯಿತು. ನಾವು ಬರೆದದ್ದನ್ನು ಯಾರೂ ಓದುತ್ತಲೇ ಇಲ್ಲ. ಕಾಕುವಿನದನ್ನೂ ಓದಿಲ್ಲ, ನನ್ನದನ್ನೂ ಓದಿಲ್ಲ. ಇಬ್ಬರೂ ಯಾರೂ ಇಲ್ಲದ ಮನೆಯ ಬಾಗಿಲಿಗೆ ನಿಂತು ಅಡಗಿ ಆತೇನ್ರಿ ಎಂದು ಕೇಳುತ್ತಿದ್ದೇವೆ.

ಹುಡುಕಿದೆ. ಕಾರ್ಡು ಕೊರೆಯುವ ಪ್ರೋಗ್ರಾಮಿನ ಹಳೆಯ ಆವೃತ್ತಿ ‘ಎರಡು’ ಎಂದು ಕೊನೆಗೊಳ್ಳುವ ಫೋಲ್ಡರಿನಿಂದ ಅಂಕಿ ಓದುತ್ತಿತ್ತು. ಹೊಸದು ತನಗೆಂದು ‘ಮೂರು’ ಎಂಬ ಹೊಸ ಫೋಲ್ಡರು ಮಾಡಿಕೊಂಡು, ಅದರೊಳಗೆ ಕಂಪನಿಯವರು ಬರೆದುಕೊಟ್ಟ ಸಾಧಾರಣ ಅಂಕಿ ಇಟ್ಟುಕೊಂಡಿದೆ. ಅಪ್‌ಗ್ರೇಡ್ ಆಗುವಾಗ ಹಳೆಯ ಫೋಲ್ಡರು ಹೋಗಬೇಕಿತ್ತು. ಹೋಗಲಿಲ್ಲ. ಹೋಗಿದ್ದರೆ ನನ್ನ ಚಿತ್ರ ಒತ್ತಿದಾಗ ಏನೂ ತೆರೆಯದೆ, ಅಂದೇ ಗುಟ್ಟು ರಟ್ಟಾಗುತ್ತಿತ್ತು. ಯಾಕೆ ಹೋಗಲಿಲ್ಲ? ನಾನು ಭಜಿ ತಿನ್ನುವಾಗ ಮೇಲಕ್ಕೆ ಹೋದ ಸಾಲು ಈಗ ತಲೆಗೆ ಬಿತ್ತು. ಖಾಲಿ ಇಲ್ಲ, ಆದ್ದರಿಂದ ತೆಗೆದಿಲ್ಲ.

ಒಳಗೆ ನೋಡಿದರೆ ಕಾಕುವಿನ ಸಂಸಾರವೇ ಇತ್ತು. ಕಾರ್ಡು ಕೊರೆದುಕೊಟ್ಟ ಪ್ರತಿ ಮಗ್ಗದ ಅಂಕಿಯನ್ನೂ ಒಂದೊಂದು ಫೈಲು ಮಾಡಿ, ಮಗ್ಗದ ಯಜಮಾನರ ಹೆಸರಿಟ್ಟು ಅಲ್ಲಿ ಕೂರಿಸಿದ್ದರು. ಚಿಮ್ಮಡದ ಲಗಮವ್ವ, ಬೆಳಗಲಿಯ ಪರಸಪ್ಪ, ರಬಕವಿಯ ತವರಿನವರು. ಪ್ರೋಗ್ರಾಮ್ ತಂದಿಟ್ಟದ್ದನ್ನು ಪ್ರೋಗ್ರಾಮ್ ಒಯ್ಯಬಹುದು, ಮನೆಯವರು ಇಟ್ಟದ್ದನ್ನು ಮುಟ್ಟುವಂತಿಲ್ಲ. ಲಿನಕ್ಸಿನ ಕಾಯ್ದೆ ಹಾಗಿದೆ.

ಹಿತ್ತಲಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಶಿದ್ರಾಮಪ್ಪ ಕಾಕಾನಿಗೆ ಇದನ್ನು ತಿಳಿಸಬೇಕಾಯಿತು. ನನಗೆ ಸಿಕ್ಕಿದ್ದು ಗೋಡೆಯ ಡಬ್ಬಿಗಳೇ. ಅಪ್‌ಗ್ರೇಡ್ ಎಂಬುದು ನಿಮ್ಮ ಹಾಗೆ ಬಂತು, ಡಬ್ಬಿ ಅಲ್ಲಾಡಿಸಿತು, ಕಾಕುವಿನ ಗುಂಡಿ ಟಣ್ ಎಂದಿತು, ತಿರುಗಿ ಇಟ್ಟು ಹೋಯಿತು ಎಂದೆ. ಕಾಕಾ ಹೆಂಡತಿಯ ಕಡೆ ನೋಡಿದರು. ಆ ಗುಂಡಿಗಳು ಅಲ್ಲಿ ಯಾಕಿವೆ ಎಂದು ಅವರಿಗೆ ಗೊತ್ತಿಲ್ಲವೆಂದು ಈವರೆಗೆ ಕಾಕು ತಿಳಿದಿದ್ದರು. ಗೊತ್ತಿತ್ತು ಎಂದು ಆ ನೋಟದಿಂದಲೇ ಗೊತ್ತಾಯಿತು. ಐಶ್ವರ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು, ಬಸುರಿ ಇಷ್ಟು ನಗಬಾರದು ಎಂದು ಕಾಕು ಬೈದರು.

ಇನ್ನು ಕೆಲಸ ಸುಲಭ. ಆದರೆ ಹಳೆಯ ಫೋಲ್ಡರು ಕಂಡು ನನ್ನ ಕೈ ತುರಿಸತೊಡಗಿತ್ತು. ಅಂಕಿಯನ್ನು ಹೊಸದಕ್ಕೆ ಬರೆದು ಹಳೆಯದನ್ನು ಅಳಿಸಿಬಿಟ್ಟರೆ ಮುಂದೆ ಯಾರೂ ಮೋಸ ಹೋಗುವುದಿಲ್ಲ ಎಂದು ಹೇಳಿದೆ. ಬೆಳಗಲಿಯ ಪರಸಪ್ಪ ಮಗ್ಗ ಮಾರಿ ಎಷ್ಟೋ ಕಾಲವಾಯಿತು, ಅವನ ಅಂಕಿ ಯಾಕೆ ಎಂದೂ ಕೇಳಿದೆ.

“ಮಗ್ಗ ಹೋಗೇತಿ, ಪರಸಪ್ಪ ಇದ್ದಾನಲ್ಲೋ,” ಎಂದರು ಕಾಕು. “ನಾಳಿ ಮತ್ತ ಮಗ್ಗ ಹೂಡತೇನಿ ಅಂತ ಬಂದಾ ಅಂದ್ರ, ನಿಂದ ಅಳಿಸೇನಿ ಅಂತ ಹೆಂಗ ಹೇಳ್ಲಿ ಅಂವಗ?”

ಮಾರಿದ ಮಗ್ಗದ ಅಂಕಿ ಹೊಸ ಮಗ್ಗಕ್ಕೆ ಹತ್ತುವುದಿಲ್ಲ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೇಳುತ್ತಿದ್ದಾರೆ ಎಂದರೆ ವಾದಿಸಿ ಪ್ರಯೋಜನವಿಲ್ಲ. ಶಿದ್ರಾಮಪ್ಪ ಕಾಕಾ ಇಷ್ಟು ವರ್ಷ ಡಬ್ಬಿ ಅಲ್ಲಾಡಿಸಿ ತಿರುಗಿ ಇಟ್ಟದ್ದೂ ಇದೇ ಕಾರಣಕ್ಕೆ ಇರಬೇಕು.

ಹೀಗಾಗಿ ಅಳಿಸಲಿಲ್ಲ. ಲಿನಕ್ಸಿನಲ್ಲಿ ಒಂದು ಅನುಕೂಲವಿದೆ: ಒಂದು ಜಾಗದಲ್ಲಿ ಫೈಲಿನ ಹೆಸರಷ್ಟೇ ಇಟ್ಟು, ಅದು ಇನ್ನೊಂದು ಜಾಗದ ನಿಜವಾದ ಫೈಲನ್ನು ತೋರಿಸುವಂತೆ ಮಾಡಬಹುದು. ಮೊದಲು ನಾನು ಬರೆದ ಹುಚ್ಚು ಅಂಕಿ ತೆಗೆದು ಸರಿಯಾದದ್ದು ಬರೆದೆ. ಆಮೇಲೆ ಹೊಸ ಫೋಲ್ಡರಿನ ಫೈಲು ಬದಿಗಿಟ್ಟು, ಆ ಜಾಗದಲ್ಲಿ ಹಳೆಯ ಫೋಲ್ಡರಿನ ಫೈಲಿಗೆ ದಾರಿ ಮಾಡಿಕೊಟ್ಟೆ. ಈಗ ಪ್ರೋಗ್ರಾಮ್ ಹೊಸದಕ್ಕೆ ಹೋದರೂ ಓದುವುದು ಹಳೆಯದನ್ನೇ. ಕಾಕು ಬರೆದದ್ದು ಅದಕ್ಕೆ ಮುಟ್ಟುತ್ತದೆ. ಇದನ್ನು ಬಹಳ ಸೊಗಸಾಗಿ ವಿವರಿಸಬೇಕೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕಾಕು, “ಅಂದ್ರ ಇವತ್ತ ಕೆಚ್ಚಿದಿ,” ಎಂದರು.

“ಹೂಂ ರೀ.”

“ಅವತ್ತ ಕೆಚ್ಚಿರಲಿಲ್ಲ.”

“ಇಲ್ರಿ. ಅವತ್ತ ಭಜಿ ತಿನ್ನಾಕತ್ತಿದ್ನಿ.”

ಮುಂದಿನ ಅಪ್‌ಗ್ರೇಡಿನಲ್ಲಿ ‘ನಾಲ್ಕು’ ಎಂಬ ಫೋಲ್ಡರು ಹುಟ್ಟಿದರೆ ಮತ್ತೆ ಇದೇ ಕೆಲಸ ಮಾಡಬೇಕಾಗುತ್ತದೆ ಎಂದು ಎಚ್ಚರಿಸಿದೆ. ಅದಕ್ಕೇನು, ಕೆಚ್ಚುವುದು ಒಮ್ಮೆ ಮಾಡಿ ಮುಗಿಯುವ ಕೆಲಸವೇ, ಬಾ ಎಂದರು. ಆ ದಿನ ಸುಸಲಾ ಮಾಡುವುದಿಲ್ಲವೆಂದೂ, ಎಲ್ಲ ಸಾಲು ಓದಿ ಮುಗಿಸಿದ ಮೇಲೆ ಕೊಡುವೆನೆಂದೂ ಸೇರಿಸಿದರು.

ಯಂತ್ರ ಚಾಲೂ ಆಯಿತು. ಕಾಕು ಕೊರೆಯುತ್ತ ಹೋದರು, ಐಶ್ವರ್ಯ ಕೂತಲ್ಲೇ ಕಾರ್ಡು ಜೋಡಿಸಿ ಕೊಟ್ಟಳು, ನಾನು ದಾರ ಹಾಕಿ ಹೊಲಿದೆ. ಸಿಸ್ಟಮ್ ಎಂಜಿನಿಯರ್ ಹೊಲಿದ ಗಂಟುಗಳನ್ನು ಕಾಕು ಮಾತಾಡದೆ ಬಿಚ್ಚಿ ಮತ್ತೆ ಹೊಲಿದರು. ಹೊತ್ತು ಇಳಿಯುವ ಮೊದಲೇ ಮಾಲೆ ಮಗ್ಗಕ್ಕೆ ಏರಿತು. ಕಾಕಾ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಟ್ಟು ಕೂತು ಲಾಳಿ ಓಡಿಸಿದರು. ಎಲ್ಲರೂ ಸುತ್ತ ನಿಂತು ನೋಡಿದೆವು. ಮೊದಲು ಕಾಲು ಬಂತು, ಆಮೇಲೆ ಹೊಟ್ಟೆ, ರೆಕ್ಕೆ. ಕುತ್ತಿಗೆ ಬಂದಾಗ ಕಾಕು ನನ್ನ ತೋಳು ಹಿಡಿದುಕೊಂಡರು. ಮಗ್ಗ ಇನ್ನೊಂದಿಷ್ಟು ಬಡಿಯಿತು. ಕೊಕ್ಕು ಬಂತು, ಮುಖದ ಮೇಲೆಯೇ ಬಂತು, ಎಲೆಯನ್ನೂ ಕಚ್ಚಿಕೊಂಡು ಬಂತು.

ಕಾಕು ತೋಳು ಬಿಟ್ಟರು. ಕಾಕಾ ಮಗ್ಗ ನಿಲ್ಲಿಸದೆಯೇ, ಚಹಾ ಆದರೆ ಆಗಬಹುದಿತ್ತು ಎಂದರು.

ಸೀರೆ ಹೊತ್ತಿಗೆ ಸರಿಯಾಗಿ ಇಳಿಯಿತು. ಕುಬಸಕ್ಕೆ ನನ್ನನ್ನೂ ಕರೆದಿದ್ದರು. ಗಂಡಸರಿಗೆ ಅಲ್ಲಿ ಊಟದ ಹೊರತು ಕೆಲಸವಿಲ್ಲ, ಅದು ನನಗೆ ಒಗ್ಗುವ ಕೆಲಸ. ಕರಚಿಕಾಯಿ, ಉಂಡಿ, ಮಾದಲಿ ಸಾಲಾಗಿದ್ದವು. ಐಶ್ವರ್ಯ ಹಸಿರು ಸೀರೆ ಉಟ್ಟು, ಮೊಳಕೈವರೆಗೆ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಳು. ದಡಿಯ ಗಿಳಿಗಳು ಸಾಲಾಗಿ ಅವಳ ಸುತ್ತ ನಡೆದವು. ಲೋಕಾಪುರದ ಬೀಗತಿ ಬಂದು, ಉಡಿ ತುಂಬುವ ಮೊದಲು ಸೆರಗು ಎತ್ತಿ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿದರು. ಕಾಕು ಅಕ್ಕಿಯ ಮೊರ ಹಿಡಿದು ನಿಂತಲ್ಲೇ ನಿಂತಿದ್ದರು. ಬೀಗತಿ ಬಹಳ ಮಾತಿನವರಲ್ಲ. ನನ್ನ ಸಣ್ಣ ಮಗಳದ್ದೂ ಮದುವೆ ಇದೆ, ಅವಳಿಗೊಂದು ಇಂಥದ್ದೇ ದಡಿ ಆಗಬೇಕಲ್ಲ ಎಂದಷ್ಟೇ ಕೇಳಿದರು. “ನೋಡೂಣ್ರಿ,” ಎಂದರು ಕಾಕು. ಆ ಒಂದು ಶಬ್ದವನ್ನು ಅವರು ಎಷ್ಟು ಕಾಲದಿಂದ ತೆಗೆದಿಟ್ಟುಕೊಂಡಿದ್ದರೋ.

ಉಳಿದದ್ದು ತಪ್ಪು ಗಿಳಿಯ ನಮೂನೆಯ ಪಟ್ಟಿ. ಅದನ್ನು ಐಶ್ವರ್ಯ ಬಿಟ್ಟುಕೊಡಲಿಲ್ಲ. ಹುಟ್ಟುವ ಕೂಸಿನ ಕುಂಚಿಗೆಗೆ ಅದೇ ಅಂಚು ಬೇಕು ಎಂದಳು. ತಲೆಯಿಂದ ಬೆನ್ನಿಗೆ ಇಳಿಬೀಳುವ ಕುಂಚಿಗೆಗೆ ಗೇಣುದ್ದ ಪಟ್ಟಿ ಸಾಲದು, ಇನ್ನಷ್ಟು ನೇಯಬೇಕು. ಆ ಕಾರ್ಡುಗಳ ರಾಶಿ ಹೇಗೂ ಇತ್ತು. ಆದರೂ ಕಾಕು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು: ಇನ್ನೊಂದು ಕೂಸು ಹುಟ್ಟಿದರೆ, ಅದಕ್ಕೆ ಇನ್ನೊಂದು ಕುಂಚಿಗೆ ಬೇಕಾದರೆ? ಬದಿಗಿಟ್ಟಿದ್ದ ತಪ್ಪು ಅಂಕಿಯ ಫೈಲನ್ನೂ ಹಳೆಯ ಫೋಲ್ಡರಿಗೆ ತಂದು, ‘ಹುಚ್ಚ ಗಿಳಿ’ ಎಂದು ಹೆಸರಿಟ್ಟು, ಪರಸಪ್ಪನ ಪಕ್ಕದಲ್ಲಿ ಕೂರಿಸಿ ಕೊಟ್ಟೆ. ಜಮಖಂಡಿಗೆ ಮರಳಿದಾಗ ಸಾವುಕಾರರು, ಬೇಡದ್ದೆಲ್ಲ ತೆಗೆದು ಸ್ವಚ್ಛ ಮಾಡಿದೆಯಾ ಎಂದು ಕೇಳಿದರು. ಇನ್ನೊಂದು ಸೇರಿಸಿ ಬಂದೆ ಎಂದು ಹೇಳಲು ಧೈರ್ಯ ಸಾಲಲಿಲ್ಲ, ಕೇಬಲ್ ಹೋಗಿತ್ತು ಎಂದೆ.

ಹೋದ ವಾರ ಆ ಕಡೆ ಹೋದಾಗ ಕುಂಚಿಗೆ ಹೊಲಿದು ಮುಗಿದಿತ್ತು. ಗದ್ದದ ಕೆಳಗೆ ಒಂದು ಗುಂಡಿ ಮಾತ್ರ ಬೇಕಾಗಿತ್ತು. ಶಿದ್ರಾಮಪ್ಪ ಕಾಕಾ ಎದ್ದು ಗೋಡೆಯ ಬಳಿ ಹೋಗಿ, ಡಬ್ಬಿಗಳನ್ನು ತೆರೆದು ನೋಡಿ, ಹಸಿರಿಗೆ ಒಪ್ಪುವ ಗುಂಡಿಯೊಂದನ್ನು ಆರಿಸಿ ಹೆಂಡತಿಯ ಕೈಗೆ ಕೊಟ್ಟರು. ಆಮೇಲೆ ಆ ಡಬ್ಬಿಯನ್ನು ಅಲ್ಲಾಡಿಸಿದರು. ಸದ್ದಿಲ್ಲ. ಖಾಲಿ. ಬಹಳ ವರ್ಷಗಳ ಮೇಲೆ ಗುಜರಿಗೆ ಒಂದು ಡಬ್ಬಿ ಸಿಕ್ಕಿತು ಎಂದು ಅದನ್ನು ತಂದು ಬಾಗಿಲ ಬಳಿ ಇಟ್ಟು, ಕೈ ಝಾಡಿಸಿಕೊಂಡು ಮಗ್ಗಕ್ಕೆ ಹೋದರು.

ಕಾಕು ದಾರ ಕಡಿದು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಸೆರಗಿನಿಂದ ಒಂದು ಪಿನ್ನು ತೆಗೆದು, ಕೂತಲ್ಲಿಂದಲೇ ಕೈ ಚಾಚಿ ಆ ಡಬ್ಬಿಗೆ ಹಾಕಿದರು.

ಟಣ್ ಎಂದಿತು. ಒಳಗೆ ಮಗ್ಗದ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.